ಒಂದು ವಾರ, ಒಂದು ಪರಿಮಳ: ಮಗುವಿನ ಜೊತೆ ಕಷಾಯ, ಬೆಣ್ಣೆ ಬಿಸ್ಕತ್ತು

ಶನಿವಾರ ಮಧ್ಯಾಹ್ನ ಮೂರೂವರೆಗೆ ಅಡುಗೆಮನೆಯ ನೆಲ ಒರೆಸಿ ಚಾಪೆ ಹಾಸುತ್ತೇನೆ. ಐದು ವರ್ಷದ ಮಗಳು ತನ್ನ ಮಣೆಯನ್ನು ತಾನೇ ತಂದು ಹಾಕಿಕೊಂಡು ಕೂರುತ್ತಾಳೆ. ಅವಳ ಎದುರಿಗೆ ಕುಟ್ಟಾಣಿ, ಒಂದು ಅಗಲವಾದ ಪಾತ್ರೆ, ಕೈ ಒರೆಸಿಕೊಳ್ಳಲು ಒದ್ದೆ ಬಟ್ಟೆ. ನನ್ನ ಫೋನು ಪಕ್ಕದ ಕೋಣೆಗೆ ಹೋಗುತ್ತದೆ. ಐದೂವರೆಯ ಹೊತ್ತಿಗೆ ಎರಡು ಲೋಟ ಕಷಾಯ, ಒಂದು ತಟ್ಟೆ ಬಿಸ್ಕತ್ತು ಸಿದ್ಧವಾಗಿರುತ್ತವೆ. ಒಂದು ವರ್ಷದಿಂದ ಹೆಚ್ಚುಕಡಿಮೆ ತಪ್ಪದೆ ನಡೆದುಕೊಂಡು ಬಂದಿರುವ ಈ ರೂಢಿಯಲ್ಲಿ ಕಲಿತದ್ದನ್ನು, ಮನೆಯಲ್ಲಿ ಪುಟ್ಟ ಮಕ್ಕಳಿರುವವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಆರಂಭದಲ್ಲಿ ನಾನು ತಿಂಡಿಯ ಹೆಸರು ಹಿಡಿದು ಹೊರಡುತ್ತಿದ್ದೆ. ಇವತ್ತು ಕೇಕು, ಮುಂದಿನ ವಾರ ಬಿಸ್ಕತ್ತು. ಮಗಳು ಹತ್ತು ನಿಮಿಷ ಹಿಟ್ಟು ಕಲಸಿ ಎದ್ದು ಹೋಗುತ್ತಿದ್ದಳು. ಪರಿಮಳದಿಂದ ಶುರುಮಾಡಿದ ಮೇಲೆ ಹಾಗೆ ಎದ್ದು ಹೋಗುವುದು ನಿಂತಿತು. ಈಗ ವಾರಕ್ಕೊಂದು ಪರಿಮಳವನ್ನು ಅವಳೇ ಆರಿಸುತ್ತಾಳೆ. ಅದೇ ಪರಿಮಳ ಲೋಟಕ್ಕೂ ಹೋಗುತ್ತದೆ, ಬಿಸ್ಕತ್ತಿನ ಹಿಟ್ಟಿಗೂ ಹೋಗುತ್ತದೆ. ಒಂದೇ ಏಲಕ್ಕಿ ಬಿಸಿನೀರಿನಲ್ಲಿ ತಕ್ಷಣ ಮೂಗಿಗೆ ಬಡಿಯುತ್ತದೆ, ಬೆಣ್ಣೆಯಲ್ಲಿ ಬೆಂದಾಗ ಅಗಿದು ನುಂಗಿದ ಮೇಲೆ ನಿಧಾನವಾಗಿ ತಿಳಿಯುತ್ತದೆ. ಏಲಕ್ಕಿಯ ಸುವಾಸನೆಯ ಎಣ್ಣೆ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ವ್ಯತ್ಯಾಸಕ್ಕೆ ಕಾರಣ ಅದೇ. ಈ ವ್ಯತ್ಯಾಸವನ್ನು ಕಂಡುಹಿಡಿಯುವ ಆಸೆಯೇ ಮಗುವನ್ನು ಕೊನೆಯವರೆಗೆ ಕೂರಿಸುತ್ತದೆ.

ಚಹಾ ದೊಡ್ಡವರಿಗೆ, ಕಷಾಯ ಮಗುವಿಗೆ

ಚಹಾ ಎಂದರೆ ಚಹಾ ಗಿಡದ ಎಲೆ. ಕಪ್ಪು ಚಹಾ, ಹಸಿರು ಚಹಾ ಎರಡೂ ಅದೇ ಗಿಡದವು. ಅರ್ಲ್ ಗ್ರೇ ಎಂಬ ಹೆಸರಿನಲ್ಲಿ ಸಿಗುವುದು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯೆಣ್ಣೆ ಸೇರಿಸಿದ ಕಪ್ಪು ಚಹಾ. ಅದರಲ್ಲೂ ಕೆಫೀನ್ ಇದ್ದೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ, ಒಂದು ಸಲಕ್ಕೆ ಕುಡಿಯುವ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಊಟದ ಹಿಂದೆ ಮುಂದೆ ಒಂದು ಗಂಟೆಯಾದರೂ ಚಹಾ ಕಾಫಿ ಬೇಡ ಎಂದೂ ಅದು ಹೇಳುತ್ತದೆ, ಏಕೆಂದರೆ ಚಹಾದ ಒಗರು ಅಂಶ ಊಟದಲ್ಲಿನ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಬೆಳೆಯುವ ಮಗುವಿಗೆ ಕಬ್ಬಿಣ ಎಷ್ಟು ಬೇಕು ಎಂಬುದನ್ನು ನೆನೆದರೆ, "ಹಾಲು ಜಾಸ್ತಿ ಹಾಕಿ ಒಂದು ಗುಟುಕು ಚಹಾ ಕೊಟ್ಟರೆ ಏನಾಯಿತು" ಎನ್ನುವ ರೂಢಿಯನ್ನು ಬಿಡುವುದೇ ಸರಿ.

ಬಿಡುವುದರಿಂದ ಮಗುವಿಗೆ ನಷ್ಟವೇನೂ ಇಲ್ಲ. ಎಲೆ, ಹೂವು, ಬೇರು, ಬೀಜಗಳನ್ನು ಕುದಿಸಿದ್ದಕ್ಕೆಲ್ಲ ಈಗ ಅಂಗಡಿಯ ಪೊಟ್ಟಣಗಳಲ್ಲಿ ಹರ್ಬಲ್ ಟೀ ಎಂದು ಬರೆದಿರುತ್ತದೆ. ನಮ್ಮಲ್ಲಿ ಅದಕ್ಕೆ ಕಷಾಯ ಎಂಬ ಬೇರೆಯೇ ಪದವಿದೆ. ಜ್ವರ ಬಂದಾಗ ಮೂಗು ಹಿಡಿದು ಕುಡಿಸುವ ಕಹಿ ಕಷಾಯ ಒಂದಾದರೆ, ಉತ್ತರ ಕನ್ನಡದ, ಮಲೆನಾಡಿನ ಮನೆಗಳಲ್ಲಿ ಬಂದವರಿಗೆಲ್ಲ ಬೆಲ್ಲ, ಹಾಲು ಹಾಕಿ ಕೊಡುವ ಕಷಾಯ ಇನ್ನೊಂದು. ಈ ಎರಡನೆಯದೇ ನಮ್ಮ ಶನಿವಾರದ ಅಡಿಪಾಯ. ನನ್ನ ಅಮ್ಮ ಶಿರಸಿ ಕಡೆಯವರು. ಕಷಾಯದ ಪುಡಿ ಮುಗಿದ ದಿನ ನಮ್ಮ ಮನೆಯಲ್ಲಿ ಸಕ್ಕರೆ ಮುಗಿದಷ್ಟೇ ಗಡಿಬಿಡಿಯಾಗುತ್ತಿತ್ತು.

ಮೊದಲ ಹೆಜ್ಜೆ: ಮೂಗಿನ ಆಟ

ನಾಲ್ಕೈದು ಪುಟ್ಟ ಬಟ್ಟಲುಗಳಲ್ಲಿ ಒಂದೊಂದು ವಸ್ತು ಇಡಿ. ಏಲಕ್ಕಿ, ಸೋಂಪು, ಶುಂಠಿ, ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ಒಂದೆಸಳು, ನಿಂಬೆ ಸಿಪ್ಪೆ. ಮಗು ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಮೂಸಲಿ. ಆಮೇಲೆ ಪ್ರತಿಯೊಂದನ್ನೂ ಬೆರಳಲ್ಲಿ ಉಜ್ಜಿ ಅಥವಾ ಕುಟ್ಟಾಣಿಯಲ್ಲಿ ಒಮ್ಮೆ ಜಜ್ಜಿ ಮತ್ತೆ ಮೂಸಲು ಕೊಡಿ. ಇಡೀ ಏಲಕ್ಕಿಗೂ ಜಜ್ಜಿದ ಏಲಕ್ಕಿಗೂ ಇರುವ ಅಂತರ ಆಗ ತಾನಾಗಿ ಗೊತ್ತಾಗುತ್ತದೆ. ಕಾಳುಮೆಣಸಿನ ಪುಡಿ, ಮೆಣಸಿನಕಾಯಿಗಳನ್ನು ಈ ಆಟಕ್ಕೆ ತರಬೇಡಿ. ಮೂಗಿಗೆ, ಕಣ್ಣಿಗೆ ಹೋದರೆ ಆ ದಿನದ ಸಂಭ್ರಮ ಅಳುವಿನಲ್ಲಿ ಮುಗಿಯುತ್ತದೆ.

ಹೆಸರು ಹೇಳಿಸುವ ಅವಸರ ಬೇಡ. ಮಗು ಏನು ಹೇಳುತ್ತದೆ ಎಂಬುದನ್ನು ಕೇಳಿ. ಮಜ್ಜಿಗೆ ಹುಲ್ಲನ್ನು ಮೊದಲ ಸಲ ಮೂಸಿದಾಗ ನನ್ನ ಮಗಳು "ಅಪ್ಪಾ, ಇದು ಮಳೆ ಬಂದ ಸೋಪು" ಎಂದಿದ್ದಳು. ಆ ಹೆಸರೇ ನಮ್ಮ ಮನೆಯಲ್ಲಿ ಉಳಿದಿದೆ. ಕೊನೆಗೆ ಒಂದನ್ನು ಅವಳೇ ಆರಿಸಿ ಕುಟ್ಟಾಣಿಯ ಪಕ್ಕದಲ್ಲಿ ಇಡಬೇಕು. ತಾನು ಆರಿಸಿದ್ದನ್ನು ಕುಡಿಯಲು ಮಕ್ಕಳು ಮುಖ ಹಿಂಡುವುದು ಕಡಿಮೆ.

ಕಷಾಯದ ಪುಡಿ

ಇದನ್ನು ಒಮ್ಮೆ ಮಾಡಿಟ್ಟರೆ ಒಂದು ತಿಂಗಳು ಬರುತ್ತದೆ. ಕೊತ್ತಂಬರಿ ಬೀಜ ಅರ್ಧ ಕಪ್, ಜೀರಿಗೆ 2 ದೊಡ್ಡ ಚಮಚ, ಸೋಂಪು 2 ದೊಡ್ಡ ಚಮಚ, ಮೆಂತ್ಯ ಅರ್ಧ ಸಣ್ಣ ಚಮಚ, ಕಾಳುಮೆಣಸು 10 ಕಾಳು, ಏಲಕ್ಕಿ 6. ಏಲಕ್ಕಿ ಬಿಟ್ಟು ಉಳಿದವನ್ನು ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯಿರಿ. ಮೆಂತ್ಯ ಕಂದು ತಿರುಗಿ ಕಪ್ಪಾಗುವ ಮೊದಲೇ ಇಳಿಸಿ, ಇಲ್ಲದಿದ್ದರೆ ಇಡೀ ಪುಡಿ ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಏಲಕ್ಕಿ ಸೇರಿಸಿ ತರಿತರಿಯಾಗಿ ಪುಡಿಮಾಡಿ. ಹುರಿಯುವುದು ನಿಮ್ಮ ಕೆಲಸ; ಹುರಿಯುವ ಮೊದಲು ಕೊತ್ತಂಬರಿಯಲ್ಲಿ ಕಡ್ಡಿ, ಕಲ್ಲು ಆರಿಸುವುದು ಮಗುವಿನದು.

ಎರಡು ಕಪ್ ನೀರಿಗೆ ಒಂದು ಸಣ್ಣ ಚಮಚ ಪುಡಿ, ಒಂದು ಸಣ್ಣ ಚೂರು ಬೆಲ್ಲ. ಐದು ನಿಮಿಷ ಕುದಿಸಿ, ಒಲೆ ಆರಿಸಿದ ಮೇಲೆ ಬಿಸಿ ಹಾಲು ಬೆರೆಸಿ ಸೋಸಿ. ಬೆಲ್ಲದ ಜೊತೆ ಹಾಲನ್ನು ಕುದಿಸಿದರೆ ಒಡೆಯುವ ಸಂಭವವಿದೆ, ಆದ್ದರಿಂದ ಈ ಕ್ರಮ. ವಾರದ ಪರಿಮಳ ಸೋಂಪಾದರೆ ಸೋಂಪನ್ನೇ ಜಜ್ಜಿ ಇನ್ನೊಂದು ಚಿಟಿಕೆ, ಏಲಕ್ಕಿಯಾದರೆ ಎರಡು ಏಲಕ್ಕಿ ಹೆಚ್ಚಿಗೆ. ಏಲಕ್ಕಿ ಸಿಪ್ಪೆಯನ್ನು ಎಸೆಯಬೇಡಿ. ಸಕ್ಕರೆ ಡಬ್ಬದಲ್ಲಿ ಹೂತಿಟ್ಟರೆ ಮುಂದಿನ ವಾರದ ಬಿಸ್ಕತ್ತಿನ ಸಕ್ಕರೆಗೆ ಆಗಲೇ ಘಮ ಹತ್ತಿರುತ್ತದೆ.

ನೀಲಿ ಲೋಟ: ಒಂದು ನಿಂಬೆಹಣ್ಣು, ಎರಡು ಕೆಲಸ

ಮಕ್ಕಳಿಗೆ ಅತಿ ಹೆಚ್ಚು ಸಂತೋಷ ಕೊಡುವುದು ಶಂಖಪುಷ್ಪದ ಕಷಾಯ. ಹಿತ್ತಿಲ ಬೇಲಿಯಲ್ಲಿ, ಮನೆಯ ಗೇಟಿನ ಮೇಲೆ ಹಬ್ಬುವ ಕಡು ನೀಲಿ ಹೂವು ಇದು. ಪೂಜೆಗೆ ಮಾರುವ ಹೂವು ಬೇಡ, ಅದಕ್ಕೆ ಔಷಧಿ ಸಿಂಪಡಿಸಿರಬಹುದು. ಮನೆಯಲ್ಲಿ ಬೆಳೆದದ್ದು ಅಥವಾ ತಿನ್ನಲು ಯೋಗ್ಯವೆಂದು ಒಣಗಿಸಿ ಮಾರುವುದು ಮಾತ್ರ ಆಗಬಹುದು. ಎಸಳುಗಳನ್ನಷ್ಟೇ ಬಳಸಬೇಕು, ಕಾಯಿ, ಬೀಜ ಕೂಡದು, ಇದನ್ನು ಮಗುವಿಗೂ ಹೇಳಿ. ಮೊದಲ ಸಲ ಎರಡು ಗುಟುಕಿಗಿಂತ ಹೆಚ್ಚು ಕೊಡಬೇಡಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನೂ ದಾಸವಾಳದ ಕಷಾಯವನ್ನೂ ಕುಡಿಯದಿರುವುದು ಒಳ್ಳೆಯದು.

ಕ್ರಮ ಹೀಗೆ. ಮೊದಲು ನಿಂಬೆಹಣ್ಣನ್ನು ತೊಳೆದು ಒರೆಸಿ, ಇಡೀ ಹಣ್ಣಿರುವಾಗಲೇ ಸಿಪ್ಪೆಯನ್ನು ಸಣ್ಣ ತುರಿಮಣೆಯಲ್ಲಿ ತುರಿದುಕೊಳ್ಳಿ. ಹಣ್ಣು ಕತ್ತರಿಸಿದ ಮೇಲೆ ತುರಿಯುವುದು ಕಷ್ಟ. ಮೇಲಿನ ಬಣ್ಣದ ಪದರ ಮಾತ್ರ ಸಾಕು, ಒಳಗಿನ ಬಿಳಿ ಕಹಿ. ಈ ತುರಿ ಬಿಸ್ಕತ್ತಿಗೆ. ಆಮೇಲೆ ಎಂಟು ಹತ್ತು ಹೂವುಗಳ ಹಸಿರು ತೊಟ್ಟನ್ನು ಮಗು ಬಿಡಿಸಲಿ. ಗಾಜಿನ ಲೋಟದಲ್ಲಿ ಎಸಳು ಹಾಕಿ, ಕುದಿದು ಸ್ವಲ್ಪ ಆರಿದ ಒಂದು ಕಪ್ ನೀರನ್ನು ನೀವು ಸುರಿಯಿರಿ. ಐದು ನಿಮಿಷದಲ್ಲಿ ನೀರು ಶಾಯಿಯ ಹಾಗೆ ನೀಲಿಯಾಗುತ್ತದೆ. ಈ ಹೂವಿಗೆ ಬಣ್ಣ ಉಂಟು, ರುಚಿ ವಾಸನೆ ಅಷ್ಟಾಗಿ ಇಲ್ಲ. ಆದ್ದರಿಂದ ನೀರು ಕಾಯಿಸುವಾಗಲೇ ಒಂದೆಸಳು ಮಜ್ಜಿಗೆ ಹುಲ್ಲು ಅಥವಾ ಒಂದು ಚೂರು ಶುಂಠಿ ಹಾಕಿರಬೇಕು.

ಲೋಟ ಉಗುರು ಬೆಚ್ಚಗಾದ ಮೇಲೆ ನಿಂಬೆರಸವನ್ನು ಒಂದು ಪುಟ್ಟ ಚಮಚದಲ್ಲಿ ಮಗುವಿನ ಕೈಗೆ ಕೊಡಿ. ಒಂದು ಹನಿ, ಮತ್ತೊಂದು ಹನಿ. ನೀಲಿ ನೇರಳೆಯಾಗುತ್ತದೆ, ನೇರಳೆ ಗುಲಾಬಿಯತ್ತ ತಿರುಗುತ್ತದೆ. ನನ್ನ ಮಗಳು ಮೊದಲ ಸಲ ಮಾತೇ ಆಡಲಿಲ್ಲ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ನೋಡುತ್ತಲೇ ಇದ್ದಳು. ಆಂಥೋಸಯನಿನ್ ಎಂಬ ಬಣ್ಣದ ವಸ್ತು ಹುಳಿ ಸೇರಿದಾಗ ತನ್ನ ರೂಪ ಬದಲಿಸುತ್ತದೆ. ನೇರಳೆ ಹಣ್ಣಿನ ಸಿಪ್ಪೆಯಲ್ಲಿ, ಕೆಂಪು ದಾಸವಾಳದಲ್ಲಿ ಇರುವುದೂ ಇದೇ ಬಗೆಯ ಬಣ್ಣ. ಇನ್ನೊಂದು ಬಟ್ಟಲಿನಲ್ಲಿ ಸ್ವಲ್ಪ ನೀಲಿ ನೀರು ಬೇರೆ ತೆಗೆದಿಟ್ಟು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಅದು ಹಸಿರಿನ ಕಡೆಗೆ ಹೋಗುತ್ತದೆ. ಅದು ನೋಡುವುದಕ್ಕೆ ಮಾತ್ರ, ಕುಡಿಯುವುದಕ್ಕಲ್ಲ. ಇಡೀ ವಿವರಣೆಯನ್ನು ಅದೇ ದಿನ ಕೊಡಬೇಕೆಂದಿಲ್ಲ. "ಹುಳಿ ಬಂತು, ಬಣ್ಣ ಬದಲಾಯಿಸಿತು" ಎಂಬಷ್ಟು ಐದು ವರ್ಷಕ್ಕೆ ಸಾಕು. ಮುಂದಿನದನ್ನು ಅವರೇ ಕೇಳುತ್ತಾರೆ.

ಬೆಣ್ಣೆ ಬಿಸ್ಕತ್ತು: ಒಂದು, ಎರಡು, ಮೂರು

ಬೆಂಗಳೂರು, ಮೈಸೂರಿನ ಅಯ್ಯಂಗಾರ್ ಬೇಕರಿಗಳ ಗಾಜಿನ ಭರಣಿಯಲ್ಲಿ ಕಾಣುವ ಬೆಣ್ಣೆ ಬಿಸ್ಕತ್ತಿನ ಹತ್ತಿರದ ನೆಂಟ ಇದು. ಮಗುವಿನ ಜೊತೆ ಮೊದಲು ಮಾಡಬೇಕಾದ್ದು ಇದನ್ನೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮೊಟ್ಟೆ ಬೇಡ, ಬೇಕಿಂಗ್ ಪೌಡರ್ ಬೇಡ, ಉಬ್ಬುವುದೋ ಇಲ್ಲವೋ ಎಂಬ ಆತಂಕ ಇಲ್ಲ. ಲೆಕ್ಕವೂ ಬಾಯಿಪಾಠವಾಗುವಂಥದು: ತೂಕದಲ್ಲಿ ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು ಪಾಲು, ಮೈದಾ ಮೂರು ಪಾಲು.

ಅಂದರೆ ಪುಡಿ ಸಕ್ಕರೆ 50 ಗ್ರಾಂ, ಬೆಣ್ಣೆ 100 ಗ್ರಾಂ, ಮೈದಾ 150 ಗ್ರಾಂ, ಒಂದು ಚಿಟಿಕೆ ಉಪ್ಪು (ಉಪ್ಪಿನ ಬೆಣ್ಣೆಯಾದರೆ ಬೇಡ), ಜೊತೆಗೆ ಆ ವಾರದ ಪರಿಮಳ. ಚಿಕ್ಕ ತೂಕದ ಯಂತ್ರ ಇದ್ದರೆ ಅಂಕಿ ಏರುವುದನ್ನು ನೋಡುತ್ತಾ ಹಿಟ್ಟು ಹಾಕುವುದೇ ಮಗುವಿಗೆ ಒಂದು ಆಟ. ಇಲ್ಲದಿದ್ದರೆ 240 ಮಿಲಿಲೀಟರ್ ಕಪ್ಪಿನಲ್ಲಿ ಮೈದಾ ಒಂದೂಕಾಲು ಕಪ್, ಪುಡಿ ಸಕ್ಕರೆ ಅರ್ಧ ಕಪ್ಪಿಗೆ ಸ್ವಲ್ಪ ಕಡಿಮೆ. ಮೈದಾದಲ್ಲಿ 50 ಗ್ರಾಂ ತೆಗೆದು ಅಷ್ಟೇ ರಾಗಿ ಹಿಟ್ಟು ಸೇರಿಸಬಹುದು. ರಾಗಿಯನ್ನು ಮೊದಲು ಬಾಣಲೆಯಲ್ಲಿ ಘಮ ಬರುವ ತನಕ ಹುರಿದು ಆರಿಸಿಕೊಂಡರೆ ಹಸಿ ವಾಸನೆ ಉಳಿಯುವುದಿಲ್ಲ.

ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಬೆರಳಿಟ್ಟರೆ ಗುಳಿ ಬೀಳುವಷ್ಟು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ, ಚೆನ್ನಾಗಿ ಹಿಂಡಿ ತೆಗೆಯಿರಿ. ಬೆಣ್ಣೆಯ ಬದಲು ತುಪ್ಪ ಹಾಕುವುದಾದರೆ 80 ಗ್ರಾಂ ಸಾಕು, ಬೆಣ್ಣೆಯ ಸುಮಾರು ಐದನೇ ಒಂದು ಭಾಗ ಜಿಡ್ಡಲ್ಲ, ಅದರಲ್ಲಿ ಬಹುಪಾಲು ನೀರೇ ಆಗಿರುತ್ತದೆ. ತುಪ್ಪ ಗಟ್ಟಿಯಾಗಿರಲಿ.

ಬೆಣ್ಣೆ, ಸಕ್ಕರೆ, ಪರಿಮಳ ಮೂರನ್ನೂ ಮಗು ಮರದ ಚಮಚದಿಂದ ಬೆಳ್ಳಗಾಗುವ ತನಕ ತಿರುವಲಿ. ಕೈ ಸೋತಾಗ ನೀವು ತೆಗೆದುಕೊಳ್ಳಿ. ಮೈದಾ ಜರಡಿ ಹಿಡಿದು ಸೇರಿಸಿ, ಬೆರಳ ತುದಿಯಲ್ಲಿ ಒಟ್ಟುಗೂಡಿಸಿ. ಚಪಾತಿ ಹಿಟ್ಟಿನಂತೆ ನಾದಬಾರದು. ನಾದಿದಷ್ಟೂ ಬಿಸ್ಕತ್ತು ಗಡುಸಾಗುತ್ತದೆ. ಮಕ್ಕಳ ಕೈಯಲ್ಲಿ ಬಲ ಕಡಿಮೆ, ಈ ಹಿಟ್ಟಿಗೆ ಅದೇ ಸರಿಯಾದ ಬಲ. ಮಾರ್ಚ್ ಏಪ್ರಿಲ್ ಸೆಕೆಯಲ್ಲಿ ಹಿಟ್ಟು ಕೈಗೆ ಅಂಟಿದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳಬಾರದು ಎಂಬ ನಿಯಮ ಮಾತ್ರ ಸಡಿಲಬಾರದು. ಬೇಯದ ಮೈದಾದಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಇನ್ನು ಉಂಡೆ. 15 ಗ್ರಾಂ ಲೆಕ್ಕದಲ್ಲಿ ಸುಮಾರು ಇಪ್ಪತ್ತು ಉಂಡೆಗಳಾಗುತ್ತವೆ. ಒಂದೊಂದರಲ್ಲಿ ಎರಡೂವರೆ ಗ್ರಾಂ ಸಕ್ಕರೆ. ಲಟ್ಟಣಿಗೆ, ಅಚ್ಚು ಯಾವುದೂ ಬೇಡ. ತಟ್ಟೆಯಲ್ಲಿಟ್ಟ ಪ್ರತಿ ಉಂಡೆಯ ಮೇಲೂ ಮಗು ತನ್ನ ಹೆಬ್ಬೆರಳನ್ನು ಒತ್ತಲಿ. ಹೆಬ್ಬೆರಳ ಗುಳಿ ಬೆಂದ ಮೇಲೂ ಉಳಿಯುತ್ತದೆ. ಒಂದಕ್ಕೆ ಅಜ್ಜಿಯ ಹೆಬ್ಬೆರಳು, ಒಂದಕ್ಕೆ ನಿಮ್ಮದು. ಬೆಂದು ಬಂದಾಗ ಯಾರದು ಯಾವುದು ಎಂದು ಗುರುತಿಸುವ ಹುಮ್ಮಸ್ಸೇ ಬೇರೆ. ಉಂಡೆಗಳು ಓರೆಕೋರೆಯಾಗಿದ್ದರೆ ದಯವಿಟ್ಟು ತಿದ್ದಬೇಡಿ. ಒಮ್ಮೆ ನಾನು ಮಗಳ ಬೆನ್ನ ಹಿಂದೆ ಎರಡು ಉಂಡೆಗಳನ್ನು ದುಂಡಗೆ ಮಾಡಿಟ್ಟಿದ್ದೆ. ಬೆಂದು ಬಂದ ತಟ್ಟೆಯಲ್ಲಿ ಅವಳು ಅವೆರಡನ್ನೂ ಕಂಡುಹಿಡಿದು ಪಕ್ಕಕ್ಕೆ ಸರಿಸಿದಳು. ಅವು ಅವಳದಾಗಿರಲಿಲ್ಲ.

ಓವನ್ ಇದ್ದರೆ 170 ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ನಿಮಿಷ ಮುಂಚೆ ಕಾಯಿಸಿ, 14ರಿಂದ 16 ನಿಮಿಷ ಬೇಯಿಸಿ. ಅಂಚು ತಿಳಿ ಹೊಂಬಣ್ಣಕ್ಕೆ ಬಂದಾಗ ತೆಗೆಯಿರಿ. ಆಗ ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲವೆಂದು ಮತ್ತೆ ಒಳಗಿಟ್ಟರೆ ಸೀಯುತ್ತದೆ. ಆರುತ್ತಾ ಆರುತ್ತಾ ಗರಿಯಾಗುವುದು ಇದರ ಗುಣ. ಆರಲು ಬೇಕಾದ ಹದಿನೈದು ನಿಮಿಷ ಮಗುವಿಗೆ ದೊಡ್ಡ ತಪಸ್ಸು, ಕಷಾಯ ಕುದಿಸುವುದನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ.

ಓವನ್ ಇಲ್ಲದ ಮನೆಯಲ್ಲಿ

ದಪ್ಪ ತಳದ ಹಳೆಯ ಬಾಣಲೆಯಲ್ಲಿ ಎರಡು ಕಪ್ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ತುಪ್ಪ ಸವರಿದ ತಟ್ಟೆಯಲ್ಲಿ ಬಿಸ್ಕತ್ತುಗಳನ್ನು ದೂರ ದೂರ ಇಟ್ಟು ಒಳಗಿಡಿ, ಉರಿ ಸಣ್ಣಗೆ ಮಾಡಿ. 20ರಿಂದ 25 ನಿಮಿಷ. ಮೊದಲ ಹದಿನೈದು ನಿಮಿಷ ಮುಚ್ಚಳ ತೆಗೆಯಬೇಡಿ. ಕುಕ್ಕರ್ ಬಳಸುವುದಾದರೆ ಹಳೆಯದನ್ನೇ ಬಳಸಿ, ಮುಚ್ಚಳದ ರಬ್ಬರ್ ಮತ್ತು ವೆಯ್ಟ್ ಎರಡನ್ನೂ ತಪ್ಪದೆ ತೆಗೆದಿಡಿ, ನೀರು ಹಾಕಬೇಡಿ. ಈ ರೀತಿ ಬೆಂದ ಬಿಸ್ಕತ್ತಿನ ಮೇಲ್ಭಾಗ ಬಿಳಿಯಾಗಿಯೇ ಇರುತ್ತದೆ. ಬೆಂದಿದೆಯೇ ಎಂದು ತಿಳಿಯಲು ಅಡಿಭಾಗದ ಬಣ್ಣ ನೋಡಬೇಕು.

ಇನ್ನಷ್ಟು ವಾರಗಳಿಗೆ

ಬೆಣ್ಣೆ ಕಾಯಿಸುವಾಗ ನುಗ್ಗೆ ಸೊಪ್ಪನ್ನೋ ವೀಳ್ಯದೆಲೆಯನ್ನೋ ಹಾಕುವುದು ನಮ್ಮ ಹಿರಿಯರ ಪದ್ಧತಿ. ಹಾಗೆಯೇ 80 ಗ್ರಾಂ ತುಪ್ಪವನ್ನು ಎರಡು ಎಸಳು ಮಜ್ಜಿಗೆ ಹುಲ್ಲಿನ ಜೊತೆ ಅತಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೆಚ್ಚಗಿಟ್ಟು, ಸೋಸಿ, ಗಟ್ಟಿಯಾದ ಮೇಲೆ ಬಿಸ್ಕತ್ತಿಗೆ ಬಳಸಿ. ಒಣ ಶುಂಠಿ ಮತ್ತು ರಾಗಿ ಮಳೆಗಾಲಕ್ಕೆ ಒಳ್ಳೆಯ ಜೋಡಿ. ಕಿತ್ತಳೆಯ ಕಾಲದಲ್ಲಿ ಸಿಪ್ಪೆಯನ್ನು ಚೆನ್ನಾಗಿ ತೊಳೆದು ಒಣಗಿಸಿಟ್ಟರೆ ದೊಡ್ಡವರ ಕಪ್ಪು ಚಹಾಕ್ಕೂ ಮಗುವಿನ ಕಷಾಯಕ್ಕೂ ಆಗುತ್ತದೆ. ಕರಾವಳಿಯವರಿಗೆ ಪುನರ್ಪುಳಿ ಇದ್ದೇ ಇದೆ. ಘಟ್ಟದ ಮೇಲೆ ಅದನ್ನೇ ಮುರುಗಲು ಎನ್ನುತ್ತಾರೆ. ನೆನೆಹಾಕಿದ ಸಿಪ್ಪೆಯ ಕೆಂಪು ನೀರಿಗೆ ಬೆಲ್ಲ, ಜೀರಿಗೆ ಹಾಕಿದರೆ ಮುಗಿಯಿತು, ಖಾರ ಬಿಸ್ಕತ್ತಿನ ಪಕ್ಕದಲ್ಲಿ ಅದಕ್ಕಿಂತ ಚೆನ್ನಾದದ್ದು ಬೇರೆ ಇಲ್ಲ.

ಮಲ್ಲಿಗೆಯ ವಾರ ಬೇರೆ ತೆರನಾದದ್ದು. ಚಹಾ ಎಲೆ ಪಕ್ಕದಲ್ಲಿರುವ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಚೀನಾದಲ್ಲಿ ಮಲ್ಲಿಗೆ ಚಹಾ ಮಾಡುವವರು ರಾತ್ರಿ ಅರಳುವ ಮಲ್ಲಿಗೆಯನ್ನು ಎಲೆಯ ಜೊತೆ ಪದರ ಪದರವಾಗಿ ಇಟ್ಟು, ಬೆಳಗಾದ ಮೇಲೆ ಹೂ ಬೇರ್ಪಡಿಸಿ, ಮತ್ತೆ ಮತ್ತೆ ಹಾಗೆಯೇ ಮಾಡುತ್ತಾರೆ. ಮೈಸೂರು ಮಲ್ಲಿಗೆಯ ಗಿಡ ಮನೆಯಲ್ಲಿದ್ದರೆ ನೀವೂ ಮಾಡಬಹುದು. ಮುಸ್ಸಂಜೆ ಬಿರಿಯುವ ಮೊಗ್ಗು ಒಂದು ಹಿಡಿ, ಚಹಾ ಎಲೆ ಎರಡು ದೊಡ್ಡ ಚಮಚ, ಒಂದು ಸ್ಟೀಲ್ ಡಬ್ಬ. ಮೊಗ್ಗುಗಳನ್ನು ಎಲೆಯಲ್ಲಿ ಹೂಳುವುದು ಮಗುವಿನ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಡಬ್ಬ ತೆರೆದು ಮೂಸುವ ಹಕ್ಕೂ ಅದರದೇ. ಹೂವುಗಳನ್ನು ಆರಿಸಿ ತೆಗೆದು, ತೇವವಾದ ಎಲೆಯನ್ನು ನೆರಳಲ್ಲಿ ಗರಿಗರಿಯಾಗುವ ತನಕ ಆರಿಸಿ, ಎರಡು ಮೂರು ರಾತ್ರಿ ಹೊಸ ಮೊಗ್ಗಿನ ಜೊತೆ ಹೀಗೆಯೇ ಮಾಡಿ. ಈ ಚಹಾ ಅಜ್ಜಿಗೆ, ಅಮ್ಮನಿಗೆ. ತಾನು ಕುಡಿಯದಿದ್ದರೂ ತಾನು ಮಾಡಿದ್ದನ್ನು ಅಜ್ಜಿ ಕುಡಿಯುವುದನ್ನು ನೋಡುತ್ತಾ ನನ್ನ ಮಗಳು ಪಕ್ಕದಲ್ಲೇ ಕುಳಿತಿರುತ್ತಾಳೆ.

ಕುಡಿಯಲು ಕೂರುವಾಗ

ಬೆಂಕಿ ನನ್ನದು, ಉಳಿದದ್ದೆಲ್ಲ ಅವಳದು ಎಂದು ನಾವು ಹಂಚಿಕೊಂಡಿದ್ದೇವೆ. ನೆಲದ ಮೇಲೆ ಕೂತು ಕೆಲಸ ಮಾಡುವುದನ್ನು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ: ಕಟ್ಟೆಯ ಬಳಿ ಸ್ಟೂಲು ಹಾಕಿ ನಿಲ್ಲಿಸಿದರೆ ಒಲೆಯೂ ಕೈಗೆ ಎಟುಕುತ್ತದೆ, ಬೀಳುವ ಭಯವೂ ಇರುತ್ತದೆ. ಈಳಿಗೆಮಣೆ, ಚಾಕು ಆ ಹೊತ್ತಿಗೆ ಮೇಲಿರಲಿ. ಬಿಸಿ ಪಾತ್ರೆಯನ್ನು ಮಗು ಕುಳಿತ ಚಾಪೆಯ ಮೇಲೆ ಎಂದೂ ತರಬೇಡಿ.

ಸ್ಟೀಲ್ ಲೋಟ ಮಗುವಿನ ಕೈ ಸುಡುತ್ತದೆ. ಹಿಡಿಯಿರುವ ಪಿಂಗಾಣಿ ಕಪ್ಪಿಗೆ ಅರ್ಧದಷ್ಟು ಮಾತ್ರ ಹಾಕಿ, ನಿಮ್ಮ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕೊಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಯಾವ ರೂಪದಲ್ಲೂ ಕೊಡಬಾರದು. ನಾಲ್ಕು ವರ್ಷದೊಳಗಿನವರ ಬಿಸ್ಕತ್ತಿಗೆ ಇಡೀ ಗೋಡಂಬಿ, ಬಾದಾಮಿ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಉಳಿದ ಬಿಸ್ಕತ್ತು ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿದರೆ ಒಂದು ವಾರ ಗರಿಯಾಗಿರುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ ಸಣ್ಣ ಉರಿಯ ಬಾಣಲೆಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿ ಆರಲು ಬಿಡಿ. ನಮ್ಮ ಡಬ್ಬದಲ್ಲಿ ಈಗ ಮೂರು ಉಳಿದಿವೆ, ಒಂದರ ಮೇಲೆ ಅಜ್ಜಿಯ ಹೆಬ್ಬೆರಳಿದೆ. ಈ ಶನಿವಾರಕ್ಕೆ ಮಗಳು ಸೋಂಪನ್ನು ಆರಿಸಿ ಕುಟ್ಟಾಣಿಯ ಪಕ್ಕದಲ್ಲಿ ಇಟ್ಟು ಹೋಗಿದ್ದಾಳೆ.